ಹನ್ನೊಂದು ವಾಚುಗಳ ಯಜಮಾನ

ನನ್ನ ತಂಗಿಯ ಗಂಡನಷ್ಟು ಡೌಲಿನ ಮನುಷ್ಯನನ್ನು ನಾನು ಕಂಡಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಕೈಗೆ ಕಟ್ಟುವುದು ಮಾತ್ರ ದೊಡ್ಡ ದೊಡ್ಡ ಕಂಪನಿಗಳ ಹೆಸರಿರುವ ವಾಚು. ಅಂಥವು ಅವನ ಬಳಿ ಹನ್ನೊಂದಿವೆ. ಹನ್ನೊಂದೂ ನಕಲಿ, ರೈಲ್ವೆ ನಿಲ್ದಾಣದ ಹಿಂದಿನ ಸಂತೆಯಲ್ಲಿ ಕೊಂಡವು. ಅಸಲಿಯೇ ಎಂದು ಯಾರಾದರೂ ಕೇಳಿದರೆ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಮುಗುಳ್ನಕ್ಕು ತೋಳನ್ನು ಒಂದಿಷ್ಟು ಮೇಲೆಳೆದುಕೊಳ್ಳುತ್ತಾನೆ. ಮೂವತ್ತು ವರ್ಷ ಭೌತಶಾಸ್ತ್ರದ ಮೇಡಂ ಆಗಿದ್ದ ನನ್ನ ಲೆಕ್ಕದಲ್ಲಿ ಅದೂ ಸುಳ್ಳೇ.

ಬ್ಯಾಟರಿಯಿಲ್ಲದ ಈ ವಾಚುಗಳ ಪೈಕಿ ಒಂದು ದಿನಕ್ಕೆ ನಾಲ್ಕು ನಿಮಿಷ ಮುಂದೋಡುತ್ತದೆ, ಇನ್ನೊಂದು ಮಧ್ಯಾಹ್ನವೇ ತಾರೀಖು ಬದಲಿಸಿ ಕೂರುತ್ತದೆ. ಭಾನುವಾರ ಇವುಗಳ ಬಾಣಂತನ. ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಕನ್ನಡಕದ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸುತ್ತಾನೆ. ಅಷ್ಟು ಹೊತ್ತೂ ಯಾರೂ ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ಒಮ್ಮೆ ಸ್ಪ್ರಿಂಗೊಂದು ಚಿಮ್ಮಿ ಹೋಗಿ ಮನೆಮಂದಿಯೆಲ್ಲ ಅಂಬೆಗಾಲಿಟ್ಟು ಹುಡುಕಿದೆವು. ಮಾರನೆಯ ಬೆಳಿಗ್ಗೆ ತಂಗಿ ತಲೆ ಬಾಚುವಾಗ ಅದು ಅವಳ ತುರುಬಿನಿಂದ ಉದುರಿತು. ಹನ್ನೊಂದು ವಾಚಿದ್ದೂ ಗಂಡ ಒಂದು ದಿನವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದಿಲ್ಲ ಎಂಬುದು ಅವಳ ಹಳೆಯ ದೂರು.

ಹೋದ ತಿಂಗಳು ಅಂಥದೊಂದು ಭಾನುವಾರ ಅವರ ಮಗಳು ಮತ್ತು ಅಳಿಯ ಬಂದರು. ಅಳಿಯ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ವಾಚು ನಿಂತುಹೋಗಿತ್ತು. ಅವನ ತಂದೆ ಕೊನೆಗಾಲದಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಕೊಟ್ಟದ್ದು. ಜೀವಮಾನದಲ್ಲಿ ತನಗಾಗಿ ಕೊಂಡ ಒಂದೇ ಒಳ್ಳೆಯ ವಸ್ತು ಎಂದಿದ್ದರಂತೆ. ಈಗ ಆಫೀಸಿನಲ್ಲಿ ಯಾರೋ ಅದನ್ನು ನೋಡಿ ಡೂಪ್ಲಿಕೇಟ್ ಎಂದು ನಕ್ಕಿದ್ದರು. ಅಪ್ಪ ಮೋಸಹೋದರೇ, ಇಲ್ಲ ತನಗೇ ಸುಳ್ಳು ಹೇಳಿದರೇ ಎಂಬ ಕೊರೆತದಲ್ಲಿ ಹುಡುಗ ವಾರದಿಂದ ಸರಿಯಾಗಿ ಉಂಡಿರಲಿಲ್ಲ.

"ಏನಿದ್ರೂ ನಿಜ ಹೇಳಿಬಿಡಿ ಮಾವ," ಎಂದ.

ಮಗಳು ಅವನನ್ನು ಕಾಫಿಗೆ ಒಳಗೆ ಕರೆದೊಯ್ದಳು. ಟಾರ್ಚ್ ಹಿಡಿಯುವ ಕೆಲಸ ನನಗೆ ಬಿತ್ತು. ತಂಗಿಯ ಗಂಡ ಹಿಂದಿನ ಮುಚ್ಚಳ ತಿರುಗಿಸಿ ತೆಗೆದ. ಕೈ ಆಡಿದಂತೆಲ್ಲ ತಿರುಗಿ ಕೀಲಿ ಕೊಡುವ ಅರ್ಧಚಂದ್ರಾಕಾರದ ಲೋಹ ಸಡಿಲಾಗಿ ಬಿದ್ದಿತ್ತು. ಅದರ ಸ್ಕ್ರೂ ಕಳಚಿ, ಚಕ್ರಗಳ ನಡುವೆ ಸಿಕ್ಕಿಕೊಂಡು, ಸವೆದು ಹಾಳಾಗಿತ್ತು. ಅವನು ತನ್ನ ಕೈಯ ವಾಚನ್ನು ಬಿಚ್ಚಿ, ಅದರ ಮುಚ್ಚಳವನ್ನೂ ತೆಗೆದು ಪಕ್ಕದಲ್ಲಿಟ್ಟ. ನಾನು ಬಗ್ಗಿ ನೋಡಿದೆ. ಅದೇ ಚಕ್ರಗಳು, ಅದೇ ಒರಟು ಹಿತ್ತಾಳೆ, ಅದೇ ಮೂಲೆಯಲ್ಲಿ ಅದೇ ಅಂಕಿ. ತನ್ನದರ ಸ್ಕ್ರೂ ತೆಗೆದು ಅದಕ್ಕೆ ಹಾಕಿದ. ಹೇಳಿ ಮಾಡಿಸಿದಂತೆ ಕೂತಿತು. ವಾಚು ಓಡತೊಡಗಿತು.

ಕಾಫಿ ಲೋಟ ಹಿಡಿದೇ ಅಳಿಯ ಹೊರಬಂದ. ಅಷ್ಟರಲ್ಲಿ ಅವನ ವಾಚಿನ ಮುಚ್ಚಳ ಬಿಗಿಯಾಗಿತ್ತು.

"ಅಸಲಿ," ಎಂದ ತಂಗಿಯ ಗಂಡ.

"ನನ್ನ ಸಮಾಧಾನಕ್ಕೆ ಹೇಳಬೇಡಿ ಮಾವ. ಹೇಗೆ ಗೊತ್ತಾಯ್ತು?"

ಅವನು ತೆರೆದಿದ್ದ ತನ್ನ ವಾಚನ್ನು ಮುಂದಕ್ಕೆ ತಳ್ಳಿದ. "ನಕಲಿಯ ಹೊಟ್ಟೆ ಹೀಗಿರತ್ತೆ, ನೋಡಿ. ಒಂದು ಸ್ಕ್ರೂಗೂ ಗತಿಯಿಲ್ಲ. ನನ್ನ ಹನ್ನೊಂದೂ ಇದೇ ಜಾತಿ. ಇಷ್ಟು ವರ್ಷ ಸುಮ್ಮನೆ ಡೌಲು ಮಾಡಿದೆ. ನಿಮ್ಮದನ್ನ ಇನ್ನು ಬೇರೆಯವರ ಕೈಗೆ ಕೊಡಬೇಡಿ, ನನ್ನ ಹತ್ರಾನೇ ತನ್ನಿ."

"ಅಂತೂ ಬಾಯಿಬಿಟ್ರಲ್ಲ," ಎಂದು ತಂಗಿ ಅಡುಗೆಮನೆಯಿಂದಲೇ ನಕ್ಕಳು. ಮಗಳೂ ನಕ್ಕಳು. ಅಳಿಯ ವಾಚನ್ನು ಕಿವಿಗೆ ಹಿಡಿದು ಕೇಳಿದ, ಕಟ್ಟಿಕೊಂಡ, ಊಟಕ್ಕೆ ಏನಿದೆ ಎಂದು ವಿಚಾರಿಸಿದ.

ನನ್ನ ಟಾರ್ಚಿನ ಬೆಳಕು ಇನ್ನೂ ಮೇಜಿನ ಮೇಲಿತ್ತು.

"ಸಾಕು, ಆರಿಸಿ ಅಕ್ಕ," ಎಂದ ತಂಗಿಯ ಗಂಡ, ತಲೆಯೆತ್ತದೆ.

ಆರಿಸಿದೆ.