ಕುಕ್ಕರಿನ ಮ್ಯಾಲೆ ಮಿಲಿಟ್ರಿ ಕಾರ್ಡು

ಸಂಶಿ ಪ್ಯಾಟಿಗೆ ಒಂದು ಕುಕ್ಕರ್ ತರಾಕ ನಾನೂ ನಮ್ಮ ಯಜಮಾನ್ರೂ ಹೋಗಿದ್ವಿ. ಅವರು ಮಿಲಿಟ್ರಿಯಿಂದ ರಿಟೈರ್ ಆಗಿ ಬಂದವರು, ಮಾತು ಅಗದಿ ಕಮ್ಮಿ. ಅಂಗಡ್ಯಾಗ ಚೌಕಾಶಿ ಮಾಡೂದು ಯಾವತ್ತೂ ನನ್ನ ಕೆಲಸ.

ಅವತ್ತೂ ಹಿಡಿಕಿ ಸಡ್ಲ ಐತಿ, ಸೀಟಿ ಹಗರ ಐತಿ ಅಂತ ಹೇಳಿ ಹೇಳಿ ರೇಟು ಛಲೋತ್ನಂಗ ಇಳಿಸಿದ್ದೆ. ಇನ್ನೇನು ರೊಕ್ಕ ಕೊಡಬೇಕು, ಯಜಮಾನ್ರು ಗ್ವಾಡಿ ಮ್ಯಾಲಿನ ಬೋರ್ಡ್ ಓದಿದ್ರು. "ಲೇ, ಮಾಜಿ ಸೈನಿಕರಿಗೆ ರಿಯಾಯಿತಿ ಐತಂತ!" ಅಂದವರ, ಕಿಸೆದಾಗ ಕಾರ್ಡ್ ಹುಡುಕಾಕ ಹತ್ತಿದ್ರು.

ಅಂಗಡಿಯವ ನನ್ನ ಕಡೆ ಬಗ್ಗಿ ಸಣ್ಣ ದನಿಲೆ ಅಂದ, "ಅಮ್ಮಾರ, ಕಾರ್ಡಿನ ರಿಯಾಯಿತಿ ಡಬ್ಬಿ ಮ್ಯಾಲಿನ ರೇಟಿಗೆ ಅಷ್ಟ ರೀ. ನೀವು ಇಳಿಸಿದ್ದ ಅದಕ್ಕಿಂತ ಹೆಚ್ಚಾತು. ಎರಡ್ರಾಗ ಒಂದು ಹೇಳ್ರಿ."

ಕಾರ್ಡ್ ಬ್ಯಾಡ ಅನ್ನಾಕ ಬಾಯಿ ತೆರದೆ. ಅಷ್ಟ್ರಾಗ ಅವರು ಪ್ಲಾಸ್ಟಿಕ್ ಕವರಿನ್ಯಾಗಿನ ಕಾರ್ಡ್ ತಗದು, ಅಂಗಿ ತುದಿಲೆ ಒರಸಾಕ ಹತ್ತಿದ್ರು. ಇಷ್ಟು ವರ್ಷದಾಗ ಅದನ್ನ ಒಬ್ಬರೂ ಕೇಳಿರಲಿಲ್ಲ.

"ಕಾರ್ಡಿನ ಮ್ಯಾಲೇ ಕೊಡಪಾ," ಅಂದೆ.

ಅಂಗಡಿಯವ ಎದ್ದು ನಿಂತು ಎರಡೂ ಕೈಲೆ ಕಾರ್ಡ್ ಇಸಗೊಂಡ. "ಯಾವ ಕಡೆ ಇದ್ರಿ, ಸಾಹೇಬ್ರ?"

ಮಾತು ಕಮ್ಮಿ ಅಂದೆನಲ್ಲ, ಆ ಮನಷ್ಯಾ ಕಾಶ್ಮೀರದಿಂದ ಸುರು ಮಾಡಿ, ತರಿಸಿದ ಚಾ ಆರಿ ಹೋದ್ರೂ ನಿಲ್ಲಸಲಿಲ್ಲ.

ತಿರುಗಿ ಬರೂವಾಗ ಬಸ್ಸಿನ್ಯಾಗ, "ನೋಡಿದಿ, ನನ್ನ ಕಾರ್ಡಿನಿಂದ ಎಷ್ಟು ಉಳೀತು!" ಅಂದ್ರು.

"ಹೌದ್ರಿ," ಅಂದೆ.

ಅಂಗಡ್ಯಾಗ ಅವರು ಕಾಶ್ಮೀರದ ಸುದ್ದಿ ಹೇಳೂವಾಗ ನಾನು ಚಾ ಸೋಸೂ ಜರಡಿ ಒಂದನ್ನ ಪುಕ್ಕಟ ಇಸಗೊಂಡಿದ್ದೆ. ಅದು ಮಾತ್ರ ಮಿಲಿಟ್ರಿ ರಿಯಾಯಿತ್ಯಾಗ ಬಂದದ್ದಲ್ಲ.