ಅಂಟುವ ಸ್ಟೀಲು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಎಸಳಾಗಿ ಬೆಳೆಯುತ್ತಿತ್ತು. ಸಂಡೂರಿನ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದಾಗ ಲಾರಿಯ ಬಾಗಿಲು ಬಡಿದಿತ್ತಂತೆ. ನಿವೃತ್ತರಾಗಿ ಹೊಸಪೇಟೆಯಲ್ಲಿ ನಮ್ಮೊಂದಿಗೆ ಇರಲು ಬಂದ ಮೇಲೂ ಆ ಸೀಳಿನೊಳಗಿನ ಅದಿರಿನ ಕೆಂಪು ಹೋಗಿರಲಿಲ್ಲ.

ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ನೀರು ಬೇಕಾದರೂ ತಾವೇ ಎದ್ದು ಹೋಗುವರು. “ಕೇಳೋದು ಶುರುವಾತಂದ್ರ ಮನಷ್ಯಾ ಮುಗದಂಗ” ಎನ್ನುತ್ತಿದ್ದರು.

ಅಂಥವರಿಗೆ ನರದ ಕಾಯಿಲೆ ಬಂತು. ಬಗ್ಗಿದರೆ ತಲೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ನಾನು ತರಕಾರಿ ತಂದು ಒಳಗೆ ಕಾಲಿಟ್ಟರೆ ನೆಲದ ಮೇಲೆ ಬಿದ್ದಿದ್ದರು. ಹಣೆಯಲ್ಲಿ ರಕ್ತ, ಕೈಗೆ ಸಿಗದಷ್ಟು ಆಚೆ ಉರುಳಿದ ಸ್ಟೀಲಿನ ಲೋಟ. ಪಕ್ಕದ ಮನೆಯವರನ್ನೂ ಕೂಗಿರಲಿಲ್ಲ.

“ಏನಾತ್ರಿ ಮಾವಾರ?”

“ಏನಿಲ್ಲವ್ವಾ, ನೆಲ ತಣ್ಣಗಿತ್ತು, ಮಕ್ಕಂಡೆ.”

ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ, ಬಗ್ಗಲೇಬಾರದು ಎಂದರು ಡಾಕ್ಟರು. ನಮ್ಮ ಯಜಮಾನರದು ಫ್ಯಾಕ್ಟರಿ ಶಿಫ್ಟು. ನಾನು ಒಲೆಯ ಮುಂದಿದ್ದರೂ ಕಿವಿ ಮಾತ್ರ ಮಾವನವರ ಕೋಣೆಯಲ್ಲಿ. ಏನಾದರೂ ಬಿದ್ದರೆ ಕರೀರಿ ಎಂದು ಬೇಡಿಕೊಂಡೆ. ತಲೆ ಆಡಿಸುವರು, ಕರೆಯರು.

ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ, ಸ್ಪ್ಯಾನರು ಸ್ಕ್ರೂಡ್ರೈವರು ಹರಡಿಕೊಂಡು ಕೂತವನ ಬಳಿ ಅಯಸ್ಕಾಂತದ ಕಡ್ಡಿ ಕಂಡೆ. ಹಳೇ ರೇಡಿಯೋದ ಏರಿಯಲ್‌ನಂತೆ ಎಳೆದರೆ ಉದ್ದವಾಗುತ್ತದೆ, ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಅಯಸ್ಕಾಂತ. ಬಿದ್ದದ್ದನ್ನು ಬಗ್ಗದೆಯೇ ಎತ್ತಬಹುದು. ಅಗ್ಗದ್ದರಲ್ಲೇ ಎರಡು ಮೂರು ಬಗೆ ತಂದೆ. ಮಾವನವರು ಮತ್ತೆ ಡ್ಯೂಟಿಗೆ ಹೊರಟವರಂತೆ ಕನ್ನಡಕ ಏರಿಸಿದರು. ತರಕಾರಿಯವಳಿಂದ ಕಬ್ಬಿಣದ ತೂಕದ ಕಲ್ಲುಗಳನ್ನು ಎರವಲು ತರಿಸಿ, ಮೇಜಿನ ಮೇಲಿಟ್ಟು, ಸಣ್ಣದರಿಂದ ಶುರುಮಾಡಿ ಒಂದೊಂದಾಗಿ ಎತ್ತಿದರು.

“ಎರಡು ಕಿಲೋ ಎತ್ತತೈತಿ ಅಂತ ಬರದಾನ, ಅರ್ಧ ಕಿಲೋಕ್ಕ ಕೈ ಬಿಡ್ತು. ಇದು ಎಲೆಕ್ಷನ್‌ಗೆ ನಿಂತ್ರ ಆರಿಸಿ ಬರತೈತಿ ನೋಡವ್ವಾ!”

ನಕ್ಕೆವು. ಇನ್ನೊಂದು ಕಡ್ಡಿ ಅರ್ಧ ಕಿಲೋ ತಡೆಯಿತು. ಅದನ್ನು ಲೋಟಕ್ಕೆ ತಾಗಿಸಿದರು. ಲೋಟ ಕದಲಲಿಲ್ಲ. ತುದಿಗೆ ಅಂಟಿದ್ದ, ನಮ್ಮೂರ ಗಾಳಿಯಲ್ಲೇ ಇರುವ ಅದಿರಿನ ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ತಾಗಿಸಿದರು. ಇಲ್ಲ. ನನ್ನ ತವರಿನವರು ಮದುವೆಗೆ ಕೊಟ್ಟ ಒಳ್ಳೆಯ ಸ್ಟೀಲು ಅದು. ಅಂಥದ್ದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅವರಿಗೆ ಗೊತ್ತಿದ್ದದ್ದೇ, ಆಸೆಯಲ್ಲಿ ಮರೆತಿದ್ದರು. ಕಡ್ಡಿ ಮಡಚಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಆ ಸಂಜೆಯೇ ಕಡ್ಡಿ ಹಿಡಿದು ಕಂಪ್ಲಿ ರಸ್ತೆಯ ಪಾತ್ರೆ ಅಂಗಡಿಗೆ ಹೋದೆ.

“ಹಚ್ಚಿ ನೋಡ್ರಿ ಅಕ್ಕಾರ, ಒಂದೂ ಅಂಟಂಗಿಲ್ಲ. ಒರಿಜಿನಲ್ ಮಾಲು!” ಎಂದ ಅಂಗಡಿಯವನು.

“ನನಗ ಅಂಟೋದು ಬೇಕ್ರಿ.”

“ಅಂಟೋದು ಡೂಪ್ಲಿಕೇಟ್ ರೀ, ಜಂಗ್ ಹಿಡಿತೈತಿ. ಓದಿದೋರು ಕಾಣ್ತೀರಿ, ಅಷ್ಟೂ ತಿಳಿಯಂಗಿಲ್ಲೇನ್ರಿ?”

“ಹಂಗಾದ್ರ ಭಾಳ ಡೂಪ್ಲಿಕೇಟ್ ಇರೋದ ತೋರಸ್ರಿ.”

ಲೋಟ, ತಟ್ಟೆ, ಗುಳಿಗೆಯ ಡಬ್ಬಿ, ಎಲ್ಲ ಕಳಪೆಯದ್ದನ್ನೇ ಆರಿಸಿ ತಂದೆ. ಅಂದಿನಿಂದ ಅವರ ಕೋಣೆಯಿಂದ ಆಗಾಗ ಟಕ್ ಎಂಬ ಸದ್ದು ಬರುತ್ತಿತ್ತು. ಲೋಟ ಕಡ್ಡಿಗೆ ಅಂಟಿದ ಸದ್ದು. ಅದು ಕೇಳಿದರೆ ನನ್ನ ಕೈಯ ಲಟ್ಟಣಿಗೆ ಮುಂದೆ ಸಾಗುತ್ತಿತ್ತು.

ಆಮೇಲೆ ಕಾಯಿಲೆ ಕೈಗೆ ಇಳಿಯಿತು. ಗಟ್ಟಿ ಹಿಡಿಯುವ ಕಡ್ಡಿ ಭಾರ. ಹಗುರ ಕಡ್ಡಿಗೆ ಲೋಟ ನಿಲ್ಲದು. ಗಟ್ಟಿಯೂ ಹಗುರವೂ ಆದದ್ದಕ್ಕಾಗಿ ಅಂಗಡಿ ಅಂಗಡಿ ಅಲೆದೆ. ಲೋಟಗಳನ್ನು ಇನ್ನೂ ತೆಳುವಾದವಕ್ಕೆ ಬದಲಾಯಿಸುತ್ತ ಹೋದೆ. ಅವರು ದಿನವೂ ತೂಕದ ಕಲ್ಲು ಎತ್ತಿ ನೋಡುವರು. ಕಲ್ಲು ಅಂಟಿಕೊಂಡೇ ಇರುತ್ತಿತ್ತು. ಮಣಿಕಟ್ಟು ನಡುಗಿ ಎರಡೂ ಬೀಳುತ್ತಿದ್ದವು.

ಒಂದು ಬೆಳಗ್ಗೆ ಕಡ್ಡಿ, ತುದಿಯ ಲೋಟದ ಸಮೇತ, ಅವರ ಕಾಲ ಬಳಿ ಬಿತ್ತು. ಹಿಟ್ಟಿನ ಕೈಯಲ್ಲಿ ಬಾಗಿಲಲ್ಲೇ ನಿಂತೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಮಾವನವರು ಬಿದ್ದ ಲೋಟ ನೋಡಿದರು.

“ಯವ್ವಾ, ಸ್ವಲ್ಪ ಎತ್ತಿಕೊಡು.”

ಎತ್ತಿ ಕೈಯಲ್ಲಿಟ್ಟೆ. ಬೆರಳು ಮಡಚಲಿಲ್ಲ.

ಆಮೇಲೆ ಎಲ್ಲವನ್ನೂ ಕೇಳಿದರು. ನೀರು, ಹೊದಿಕೆ, ಕಿಟಕಿ ತೆಗೆ, ಮುಚ್ಚು. ಪ್ರತಿ ಸಲವೂ ಓಡಿದೆ. ಅವರು ಹೋದ ಬೆಳಗ್ಗೆ, ತುಟಿ ಅಲುಗುವುದು ನಿಂತ ಮೇಲೂ, ಕಿವಿಯ ಹತ್ತಿರ ಬಗ್ಗಿ ಅಂಗಲಾಚುತ್ತಿದ್ದೆ: “ಏನ್ ಬೇಕ್ರಿ ಮಾವಾರ? ಕೇಳ್ರಿ. ಇನ್ನೊಂದ್ ಸಲ ಕೇಳ್ರಿ.”