ತೋಳಿನ ಕ್ಲಿಪ್ಪು

ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಕಂಪ್ಯೂಟರ್ ಮುಂದೆ ಕೂತು ಗೊಣಗ್ತಾಳೆ" ಎನ್ನುತ್ತಿದ್ದೆ. ನನಗೆ ಅದರ ತಲೆಬುಡ ಗೊತ್ತಿರಲಿಲ್ಲ. ಒಂದು ದಿನ ಅವಳನ್ನೇ ಹಿಡಿದು ಕೇಳಿದೆ.

"ಅತ್ತೆ, ಆಸ್ಪತ್ರೆಗಳ ರಕ್ತಪರೀಕ್ಷೆ ರಿಪೋರ್ಟೆಲ್ಲ ತಯಾರಾಗೋದು ನಮ್ಮ ಸರ್ವರ್‌ಗಳಲ್ಲಿ. ಆ ಕಂಪ್ಯೂಟರ್‌ಗಳು ಬೇಕಾದಷ್ಟಿವೆ, ಕೆಲಸದ ಸಾಲು ಮಾತ್ರ ಒಂದೇ. ಒಂದು ಕೆಲಸಾನ ಎರಡು ಸರ್ವರ್ ಮಾಡಬಾರದು, ಯಾವುದೂ ಮಾಡದೆ ಬಿಡಲೂಬಾರದು. ಅದನ್ನ ನೋಡ್ಕೊಳ್ಳೋಳು ನಾನು."

"ಅಯ್ಯೋ, ಇಷ್ಟಕ್ಕೆ ಸಂಬಳ ಬೇರೆ ಕೊಡ್ತಾರಾ!" ಎಂದೆ. ಅವಳು ನಕ್ಕುಬಿಟ್ಟಳು. ನನ್ನ ಬಾಯಿಗೆ ಬೀಗವಿಲ್ಲವೆಂದು ಮದುವೆಯಾದ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು.

ಆಮೇಲೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ಮಗ ಅವರಿಗೆ ಇನ್ಸುಲಿನ್ ಚುಚ್ಚಿ ಆಫೀಸಿಗೆ ಹೋದ. ಮರೆತು ಹೋದನೆಂದು ನಾನೂ ಚುಚ್ಚಿದೆ. ಬೇಡವೆನ್ನಲು ಅವರಿಗೆ ಬಾಯಿಲ್ಲ. ಬೆವತು ನಡುಗಿ ಪ್ರಜ್ಞೆ ತಪ್ಪಿದರು. ಆಂಬುಲೆನ್ಸಿನವರು ಬಂದು ಉಳಿಸಿಕೊಟ್ಟರು.

ಸಂಜೆ ನಾನೂ ಮಗನೂ ಹಾವು ಮುಂಗುಸಿಯಂತೆ ಕಿತ್ತಾಡುತ್ತಿದ್ದಾಗ ಸೊಸೆ ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ಪೊಂದನ್ನು ತಂದು ಇನ್ಸುಲಿನ್ ಡಬ್ಬಿಗೆ ಸಿಕ್ಕಿಸಿದಳು.

"ಇನ್ಮೇಲೆ ಇದು ಯಾರ ತೋಳಲ್ಲಿದೆಯೋ ಅವರೇ ಚುಚ್ಚಬೇಕು. ಕೊಟ್ಟಾದ್ಮೇಲೆ ಮಾವನ ಮಂಚಕ್ಕೆ ಸಿಕ್ಕಿಸಿ. ನಡುವೆ ತಡವಾದ್ರೆ 'ನಾನಿದ್ದೀನಿ' ಅಂತ ಕೂಗ್ತಾ ಇರಿ. ನಮ್ಮ ಸರ್ವರ್‌ಗಳೂ ಹಾಗೇ ಹೇಳ್ತಾ ಇರುತ್ತವೆ."

"ಕೂಗದಿದ್ರೆ?" ಎಂದೆ.

"ಆ ಸರ್ವರ್ ಕೆಟ್ಟು ಬಿದ್ದಿದೆ ಅಂತ ಅರ್ಥ. ನಾನು ಹೋಗಿ ನೋಡ್ತೀನಿ."

"ಓಹೋ, ಈ ಮನೇಲಿ ನಾನೂ ಒಂದು ಸರ್ವರ್ರಾ!" ಎಂದು ರೇಗಿದೆ. ಆದರೂ ದಿನಾ ಕೂಗಿದೆ, ಬೇಕೆಂದೇ ಬೀದಿಗೆಲ್ಲ ಕೇಳುವ ಹಾಗೆ.

ಒಂದು ಬೆಳಿಗ್ಗೆ ಕ್ಲಿಪ್ಪು ತೋಳಿಗೆ ಸಿಕ್ಕಿಸಿಕೊಂಡೆ. ಸೂಜಿ ಮುಗಿದಿತ್ತು. ಹೊಸ ಪೊಟ್ಟಣಕ್ಕೆಂದು ಹಿಂದಿನ ಸಾಮಾನು ಕೋಣೆಯಲ್ಲಿ ಸ್ಟೂಲು ಹತ್ತಿದೆ. ಸ್ಟೂಲು ಜಾರಿತು. ಸೊಂಟದಲ್ಲಿ ಏನೋ ಲಟಕ್ ಎಂದಿತು. ಉಸಿರೇ ಹೊರಡದು, ಇನ್ನು ಕೂಗುವುದೆಲ್ಲಿ? ಮಗ ಆಗಲೇ ಹೊರಟಾಗಿತ್ತು. ಸೊಸೆ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತಿದ್ದಳು. ಮಧ್ಯಾಹ್ನದ ಊಟಕ್ಕೆ ಬಿಟ್ಟರೆ ಅವಳು ಏಳುವವಳಲ್ಲ. ನನ್ನ ಕಥೆ ಮುಗಿಯಿತು, ಪಾಪ ಅವರಿಗೂ ಇಂಜೆಕ್ಷನ್ ತಪ್ಪಿತು ಎಂದು ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು.

"ಅತ್ತೆ! ನಿಮ್ಮ ದನೀನೇ ಇಲ್ಲ ಅಂತ ಎದ್ದು ಬಂದೆ." ಆಂಬುಲೆನ್ಸಿಗೆ ಫೋನು ಮಾಡಿ, ನನ್ನ ತಲೆಯಡಿ ದಿಂಬಿಟ್ಟು, "ಮಾವಂಗೆ ಕೊಟ್ರಾ, ಇನ್ನೂ ಇಲ್ವಾ?" ಎಂದಳು.

ಜೀವ ಹೋಗುತ್ತಿರುವಾಗ ಲೆಕ್ಕ ಕೇಳುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು. ಇಲ್ಲವೆಂದು ತಲೆಯಾಡಿಸಿದೆ. ನನ್ನ ತೋಳಿನ ಕ್ಲಿಪ್ಪು ಬಿಚ್ಚಿ ತನ್ನ ತೋಳಿಗೆ ಹಾಕಿಕೊಂಡಳು. ಸೂಜಿಯ ಪೊಟ್ಟಣ ಎಳೆದುಕೊಂಡು ಓಡಿ, ಅವರಿಗೆ ಚುಚ್ಚಿ ಬಂದು, ನನ್ನ ಕೈ ಹಿಡಿದು ನೆಲದ ಮೇಲೇ ಕೂತಳು.

ಮೂಳೆ ಕೂಡಿತು. ಈಗ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತೇನೆ. ಹೆತ್ತ ಮಗಳಿದ್ದರೂ ನನ್ನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರಲಿಲ್ಲ. ಇದನ್ನು ಅವಳೆದುರೇ ಹೇಳಿದ್ದೇನೆ, ಪಕ್ಕದ ಮನೆಯಾಕೆಗಂತೂ ಸಾವಿರ ಸಲ. ಇಂಜೆಕ್ಷನ್ ಚುಚ್ಚುವುದು ಈಗ ಮಗ, ಸೊಸೆ ಮಾತ್ರ. ಕ್ಲಿಪ್ಪು ನನ್ನ ತೋಳಿಗೆ ಬರುವುದೇ ಇಲ್ಲ. ಆದರೂ ಅವಳ ಕೋಣೆ ದಾಟುವಾಗಲೆಲ್ಲ ಕೂಗುತ್ತೇನೆ, "ನಾನಿದ್ದೀನಿ ಕಣೇ!"

"ಇರಿ ಅತ್ತೆ," ಎನ್ನುತ್ತಾಳೆ ಒಳಗಿನಿಂದ.